ಎಲುಬು-ಸ್ನಾಯುಗಳ ರೋಗಗಳೂ ವಿಜ್ಞಾನಿಗಳ ವಿಚಾರಗೋಷ್ಠಿಯೂ

ಮನುಷ್ಯನು ನೆಟ್ಟಗೆ ನಿಲ್ಲುವುದು ಎಲುಬುಗಳ ಆಧಾರದಿಂದ. ನಡೆದಾಡುವುದು ಸ್ನಾಯುಗಳ ಬಲದಿಂದ. ಬೆಳೆದ ಮನುಷ್ಯನ ದೇಹದಲ್ಲಿ ೨೦೬ ಎಲುಬುಗಳೂ ೬೦೦ಕ್ಕೆ ಮೇಲ್ಪಟ್ಟು ಸ್ನಾಯುಗಳೂ ಇವೆ. ಇವುಗಳಿಗೆ ರೋಗ ತಗಲಿದರೆ ಒಡನೆಯೇ ಪ್ರಾಣಾಪಾಯ ಒದಗದಿರಬಹುದು. ಆದರೆ ಹೊಲದಲ್ಲಿ ಬಾಗಿ ಕಳೆ ತೆಗೆಯುವ ರೈತನಿಗೂ, ತಲೆಯ ಮೇಲೆ ಕೊಡ ಹೊರುವ ತಾಯಿಗೂ ಜೀವನದ ದಾರಿಯೇ ಕಟ್ಟಿದಂತಾಗುತ್ತದೆ. ಇಂತಹ ರೋಗಗಳ ಮೂಲವನ್ನು ಹುಡುಕಲು ಲೋಕದಾದ್ಯಂತ ವಿಜ್ಞಾನಿಗಳು ವಿಚಾರಗೋಷ್ಠಿಗಳನ್ನು ನಡೆಸುತ್ತಾರೆ. ಅವುಗಳ ಅವಶ್ಯಕತೆಯೇನು, ಅವುಗಳನ್ನು ಏರ್ಪಡಿಸುವ ಕ್ರಮವೇನು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಗೋಷ್ಠಿಯ ಅರ್ಥ

ಒಬ್ಬರು ಮಾತನಾಡಿ ಉಳಿದವರು ಕೇಳುವುದು ಉಪನ್ಯಾಸ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಶಾಸ್ತ್ರಗಳನ್ನು ಬಲ್ಲವರು ಕೂಡಿ ಕುಳಿತು ಶೋಧಿಸುವುದು ವಿಚಾರಗೋಷ್ಠಿ. ನಮ್ಮ ನೆರೆಯ ಬಸವಕಲ್ಯಾಣದ ಹೆಸರು ಕೇಳಿದೊಡನೆ ಹನ್ನೆರಡನೆಯ ಶತಮಾನದ ಅನುಭವ ಮಂಟಪ ನೆನಪಾಗುತ್ತದೆ. ನಾನಾ ಕಾಯಕದವರು ಒಂದೆಡೆ ಸೇರಿ ತಮ್ಮ ತಮ್ಮ ಅನುಭವವನ್ನು ಒರೆಗೆ ಹಚ್ಚಿದ ನೆಲ ಇದು. ವಿಜ್ಞಾನದ ಗೋಷ್ಠಿಯ ವಿಷಯ ಬೇರೆಯಾದರೂ, ಕೂಡಿ ಶೋಧಿಸಬೇಕೆಂಬ ನೀತಿ ಅದೇ.

ಒಂದು ನಿಜವಾದ ಉದಾಹರಣೆ

ಉಮರ್ಗಾ, ನಿಲಂಗಾ, ಉದಗೀರ ಪ್ರದೇಶಗಳು ೧೯೫೬ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದವೆಂಬುದನ್ನು ಹಿರಿಯರು ಬಲ್ಲರು. ಆ ರಾಜ್ಯದ ಕೆಲವು ಭಾಗಗಳ ದನಕರುಗಳಲ್ಲಿ ಎಲುಬು ಕೆಡುವ ಒಂದು ರೋಗವಿರುವುದು ೧೯೩೪ರಲ್ಲಿಯೇ ವರದಿಯಾಗಿತ್ತು. ೧೯೩೭ರಲ್ಲಿ ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಜನರಲ್ಲಿ ಈ ರೋಗವನ್ನು ಗುರುತಿಸಿ, ಕುಡಿಯುವ ನೀರಿನಲ್ಲಿ ಮಿತಿಮೀರಿದ ಫ್ಲೋರೈಡ್ ಲವಣವೇ ಕಾರಣವೆಂದು ತೋರಿಸಿದರು. ಇದೇ ಫ್ಲೋರೋಸಿಸ್. ನಲಗೊಂಡ ಜಿಲ್ಲೆಯ ರೋಗಿಗಳನ್ನು ಕುರಿತು ಡಾ. ಸಿದ್ದಿಕಿ ಅವರು ೧೯೫೫ರಲ್ಲಿ ಬರೆದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು ಇಂತಹ ಊರುಗಳ ಎಳೆಯರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವುದನ್ನು ೧೯೭೩ರಲ್ಲಿ ಜಗತ್ತಿಗೆ ತಿಳಿಸಿದರು.

ಹೀಗೆ ನಾಲ್ವತ್ತು ವರ್ಷಗಳ ಜ್ಞಾನವು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುಂಡಾಗಿತ್ತು. ವೈದ್ಯನಿಗೆ ಬೆನ್ನೆಲುಬು ಗೊತ್ತು, ಬಂಡೆ ಗೊತ್ತಿಲ್ಲ. ಭೂಗರ್ಭಶಾಸ್ತ್ರಜ್ಞನಿಗೆ ಬಂಡೆ ಗೊತ್ತು, ಊಟದ ತಟ್ಟೆ ಗೊತ್ತಿಲ್ಲ. ೧೯೭೪ರಲ್ಲಿ ಹೈದರಾಬಾದಿನಲ್ಲಿ ಫ್ಲೋರೋಸಿಸ್ ಕುರಿತೇ ಒಂದು ವಿಚಾರಗೋಷ್ಠಿ ನಡೆಯಿತು. ಎಲುಬಿನ ರೋಗವನ್ನು ಕುರಿತ ಆ ಗೋಷ್ಠಿಯ ಪ್ರಬಂಧಗಳನ್ನು ಪ್ರಕಟಿಸಿದ್ದು ವೈದ್ಯರ ಸಂಘವಲ್ಲ, ಭೂವಿಜ್ಞಾನಿಗಳ ಅಕಾಡೆಮಿ! ರೋಗದ ಬೇರು ನೆಲದೊಳಗಿನ ಕಲ್ಲಿನಲ್ಲಿರುವಾಗ ಇದು ಸಹಜವೇ ಆಗಿದೆ.

ಎಲುಬಿನಲ್ಲಿ ಆಗುವುದೇನು? ಎಲುಬು ಗಟ್ಟಿಯಾಗಿರುವುದು ಸುಣ್ಣದಂಶ ಮತ್ತು ರಂಜಕಗಳು ಕೂಡಿದ ಹರಳುಗಳಿಂದ. ಫ್ಲೋರೈಡ್ ಈ ಹರಳುಗಳೊಳಗೆ ಹೊಕ್ಕು ನೆಲೆಸುತ್ತದೆ. ಎಲುಬು ದಪ್ಪವಾಗಿ ಕಂಡರೂ ಪೆಡಸಾಗುತ್ತದೆ. ಕೀಲುಗಳನ್ನು ಬಿಗಿದ ನಾರುಗಳಲ್ಲಿಯೂ ಸುಣ್ಣದಂಶ ಕೂಡುತ್ತದೆ. ಕೊನೆಗೆ ಕುತ್ತಿಗೆ ತಿರುಗದು, ಬೆನ್ನು ಬಾಗದು. ಒಮ್ಮೆ ಹೀಗಾದ ಎಲುಬನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಆದುದರಿಂದ ತಡೆಯುವುದೇ ಚಿಕಿತ್ಸೆ. ನೀರಿಗೆ ತಕ್ಕ ಪ್ರಮಾಣದಲ್ಲಿ ಪಟಿಕ ಮತ್ತು ಸುಣ್ಣ ಬೆರೆಸಿ, ಕಲಕಿ, ತಂಗಲು ಬಿಟ್ಟು ಸೋಸುವ ‘ನಲಗೊಂಡ ವಿಧಾನ’ವನ್ನು ೧೯೭೦ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿತು.

ಗೋಷ್ಠಿಯನ್ನು ಏರ್ಪಡಿಸುವ ಕ್ರಮ

ಮೊದಲನೆಯದಾಗಿ, ಪ್ರಶ್ನೆ ಚಿಕ್ಕದೂ ಸ್ಪಷ್ಟವೂ ಆಗಿರಬೇಕು. ‘ಎಲುಬಿನ ರೋಗಗಳು’ ಎಂಬುದು ಕಡಲಿನಂತಹ ವಿಷಯ. ‘ಈ ಊರುಗಳ ಮಕ್ಕಳ ಕಾಲು ಬಾಗುವುದೇಕೆ?’ ಎಂಬುದು ಗೋಷ್ಠಿಗೆ ತಕ್ಕ ಪ್ರಶ್ನೆ. ಎರಡನೆಯದಾಗಿ, ಆ ಪ್ರಶ್ನೆಗೆ ಸಂಬಂಧಿಸಿದ ಎಲ್ಲ ಶಾಸ್ತ್ರದವರಿಗೂ ಆಮಂತ್ರಣ ಹೋಗಬೇಕು. ಮೂರನೆಯದಾಗಿ, ಪ್ರಬಂಧಗಳ ಸಾರಾಂಶವನ್ನು ತಿಂಗಳುಗಳ ಮೊದಲೇ ತರಿಸಿ, ಬಲ್ಲವರಿಂದ ಪರೀಕ್ಷಿಸಬೇಕು. ಎಷ್ಟು ಜನರನ್ನು ನೋಡಿದರು, ಯಾರೊಡನೆ ಹೋಲಿಸಿದರು ಎಂಬುದನ್ನು ಹೇಳದ ಬರಹಕ್ಕೆ ಅಲ್ಲಿ ಸ್ಥಳವಿಲ್ಲ. ನಾಲ್ಕನೆಯದಾಗಿ, ಪ್ರಶ್ನೋತ್ತರಕ್ಕೆ ವೇಳೆಯನ್ನು ಕಾದಿರಿಸಬೇಕು. ಹಾರ-ತುರಾಯಿಗಳಲ್ಲಿ ಹೊತ್ತು ಕಳೆದರೆ ಗೋಷ್ಠಿಯ ಪ್ರಾಣವೇ ಹೋದಂತೆ. ಐದನೆಯದಾಗಿ, ರೋಗಿಯ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಅವನ ಒಪ್ಪಿಗೆಯಿಲ್ಲದೆ ತೋರಿಸಕೂಡದು. ಕೊನೆಯದಾಗಿ, ಗೋಷ್ಠಿಯ ನಿರ್ಣಯಗಳು ಅಚ್ಚಾಗಿ, ಅವುಗಳ ಸಾರವು ಜನರ ಮಾತಿನಲ್ಲಿ ಊರಿಗೆ ಮರಳಬೇಕು.

ಯುರೋಪಿನ ನರಸ್ನಾಯು ಕೇಂದ್ರವು ಸ್ನಾಯುರೋಗಗಳನ್ನು ಕುರಿತು ನಡೆಸುವ ಚಿಕ್ಕ ಗೋಷ್ಠಿಗಳಲ್ಲಿ ರೋಗಿಗಳ ಪ್ರತಿನಿಧಿಗಳೂ ವಿಜ್ಞಾನಿಗಳೊಡನೆ ಕುಳಿತುಕೊಳ್ಳುತ್ತಾರೆ. ನೋವು ಉಂಡವನೇ ಪ್ರಶ್ನೆ ಕೇಳಿದಾಗ ವಿದ್ವಾಂಸರ ಉತ್ತರವೂ ನೆಲ ಬಿಟ್ಟು ಹೋಗುವುದಿಲ್ಲ.

ಹಂದಿಗೋಡಿನ ಪಾಠ

ಮೊದಲ ಊಹೆಯನ್ನೇ ಸತ್ಯವೆಂದು ನಂಬಬಾರದೆಂಬುದಕ್ಕೆ ಕರ್ನಾಟಕದಲ್ಲಿಯೇ ದೃಷ್ಟಾಂತವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು ಎಂಬ ಹಳ್ಳಿಯ ಬಡ ಕೂಲಿಕಾರ ಕುಟುಂಬಗಳಲ್ಲಿ, ಸೊಂಟ ಮತ್ತು ಮೊಣಕಾಲುಗಳ ಕೀಲು ಸವೆದು ನಡೆಯಲಾಗದಂತಾಗುವ ರೋಗವು ೧೯೭೦ರ ದಶಕದ ನಡುವೆ ಬೆಳಕಿಗೆ ಬಂದಿತು. ಗದ್ದೆಗೆ ಹಾಕಿದ ಕೀಟನಾಶಕವು ಆಹಾರದ ಮೂಲಕ ದೇಹ ಸೇರಿತೇ ಎಂಬ ಶಂಕೆ ಮೊದಲು ಹುಟ್ಟಿತು. ಆಮೇಲೆ ಕ್ಷ-ಕಿರಣ ಚಿತ್ರಗಳನ್ನೂ ಕುಟುಂಬಗಳ ವಂಶಾವಳಿಯನ್ನೂ ಜೋಡಿಸಿ ನೋಡಿದಾಗ, ಅದು ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಎಲುಬಿನ ಬೆಳವಣಿಗೆಯ ದೋಷವೆಂದು ಕಂಡುಬಂದಿತು. ಒಂದೆಡೆ ನೀರು ಕಾರಣ, ಇನ್ನೊಂದೆಡೆ ವಂಶ ಕಾರಣ. ಹೊರನೋಟಕ್ಕೆ ಎರಡೂ ಕುಂಟುವ ಕಾಲುಗಳೇ. ಭೇದ ತಿಳಿಯದೆ ಉಪಾಯ ಮಾಡಿದರೆ ಹಣವೂ ಹೋಗುತ್ತದೆ, ಮಕ್ಕಳ ಎಳೆಯ ವಯಸ್ಸೂ ಹೋಗುತ್ತದೆ.

ನಮ್ಮ ಶಾಲೆಯಲ್ಲಿ ನಮ್ಮ ಗೋಷ್ಠಿ

ವಿದ್ಯಾರ್ಥಿ ಮಿತ್ರರೇ, ಇಂತಹ ಗೋಷ್ಠಿಯ ಚಿಕ್ಕ ಮಾದರಿಯನ್ನು ನೀವೂ ಏರ್ಪಡಿಸಬಹುದು. ಪ್ರಶ್ನೆ ಇದು: ‘ನಾವು ಕುಡಿಯುವ ನೀರಿನಲ್ಲಿ ಏನಿದೆ?’ ಒಂದು ಗುಂಪು ಊರಿನ ಬಾವಿ, ಬೋರುಗಳ ಪಟ್ಟಿ ಮಾಡಿ ಆಳ ಬರೆಯಲಿ. ಇನ್ನೊಂದು ಗುಂಪು ಗುರುಗಳ ನೆರವಿನಿಂದ ಗ್ರಾಮಪಂಚಾಯತಿಯ ಮೂಲಕ ನೀರಿನ ಪರೀಕ್ಷೆ ಮಾಡಿಸಲಿ. ಮೂರನೆಯ ಗುಂಪು ಊರಿನ ಕಲ್ಲುಮಣ್ಣುಗಳನ್ನು ಅಭ್ಯಸಿಸಲಿ. ನಮ್ಮದು ಕರಿಕಲ್ಲಿನ ನೆಲ. ನಲಗೊಂಡದ್ದು ಬೆಣಚುಕಲ್ಲಿನ ನೆಲ. ಆದರೂ ನೀರಿನ ಗುಣವನ್ನು ಹೇಳಬಲ್ಲದ್ದು ಪರೀಕ್ಷೆಯೊಂದೇ. ಲೀಟರಿಗೆ ೧ ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ನೀರು ಇಲ್ಲದಿದ್ದರೆ ೧.೫ ಮಿಲಿಗ್ರಾಂ ಕಡೆಯ ಮಿತಿ. ಕಣ್ಣಿಗೆ ಅದು ಕಾಣದು, ನಾಲಗೆಗೆ ತಿಳಿಯದು, ಕುದಿಸಿದರೂ ಹೋಗದು.

ಪಾಲಕರಲ್ಲಿಯೂ ಒಂದು ವಿನಂತಿ. ಹೊಸ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಪಟ್ಟೆಗಳು ಮೂಡಿದರೆ, ಚಿಕ್ಕ ಹುಡುಗನು ನೆಲದಿಂದ ಏಳುವಾಗ ತೊಡೆಗೆ ಕೈಯೂರಿ ಏಳುತ್ತಿದ್ದರೆ, ಓಡುವಾಗ ಪದೇಪದೇ ಬೀಳುತ್ತಿದ್ದರೆ, ಹಣೆಬರಹವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿರಿ. ಪಟ್ಟೆಗಳಿಗೆ ಬೇರೆ ಕಾರಣಗಳೂ ಇರಬಹುದು. ಕೈಯೂರಿ ಏಳುವುದು ಸ್ನಾಯುಕ್ಷಯದ ಮೊದಲ ಗುರುತಾಗಿರಬಹುದು. ನಿರ್ಣಯ ಹೇಳಬೇಕಾದವರು ವೈದ್ಯರು. ಮೊದಲು ಗಮನಿಸಬೇಕಾದವರು ಮನೆಯವರು.

ಪಂಡಿತರು ದೊಡ್ಡ ನಗರದಲ್ಲಿ ಕೂಡಿ ಮಾಡಿದ ಗೋಷ್ಠಿಯು ಹಳ್ಳಿಯ ಒಂದು ಕೊಡ ನೀರನ್ನು ನಿರ್ಮಲಗೊಳಿಸಿದಾಗಲೇ ಸಾರ್ಥಕವಾಗುತ್ತದೆ. ಆ ಕೊಡದವರೆಗೆ ಜ್ಞಾನವನ್ನು ತಂದು ಮುಟ್ಟಿಸುವ ಕೆಲಸವು ಓದುಬರಹ ಬಲ್ಲ ಮಕ್ಕಳದಾಗಿದೆ.