ಸೈಕಲ್ಲಿನ ದೀಪಗಳು: ರಾತ್ರಿಯ ಪ್ರಯಾಣದ ವಿಷಯವಾಗಿ ಒಂದು ಪಾಠ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 22:8, ಮತ್ತಾಯ 25:1-13.



ದೇವರು ಮೋಶೆಯ ಮುಖಾಂತರ ಇಸ್ರಾಯೇಲ್ಯರಿಗೆ ಕೊಟ್ಟ ಆಜ್ಞೆಗಳಲ್ಲಿ ಮನೆ ಕಟ್ಟುವವನಿಗೆ ಸಂಬಂಧಪಟ್ಟ ಒಂದು ಚಿಕ್ಕ ಆಜ್ಞೆ ಉಂಟು. ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಅಂಚಿನ ಸುತ್ತಲೂ ಸಣ್ಣ ಗೋಡೆಯನ್ನು ಎತ್ತಬೇಕು. ಅದನ್ನು ಎತ್ತದೆ ಯಾವನಾದರೂ ಮೇಲಿನಿಂದ ಬಿದ್ದು ಸತ್ತರೆ ಆ ರಕ್ತಾಪರಾಧವು ಮನೆಯ ಮೇಲೆ ಬರುವದೆಂಬದು ಅದರ ತಾತ್ಪರ್ಯ. ಮನೆಯ ಯಜಮಾನನಿಗಾದರೋ ತನ್ನ ಮಾಳಿಗೆಯ ಅಂಚು ಎಲ್ಲಿದೆಯೆಂದು ಚೆನ್ನಾಗಿ ಗೊತ್ತು. ಆ ಗೋಡೆಯು ವಿಶೇಷವಾಗಿ ಅವನಿಗೋಸ್ಕರವಲ್ಲ, ಗೊತ್ತಿಲ್ಲದೆ ಕತ್ತಲಲ್ಲಿ ಮೇಲೆ ಬರುವ ಮತ್ತೊಬ್ಬನಿಗೋಸ್ಕರವೇ.

ಈ ತಿಂಗಳ ಪಾಠದಲ್ಲಿ ನಾವು ಇದೇ ಬುದ್ಧಿಯನ್ನು ಸೈಕಲ್ಲಿನ ದೀಪಕ್ಕೆ ಅನ್ವಯಿಸಿ ನೋಡೋಣ. ನಮ್ಮ ಹಳ್ಳಿಯ ಸಭೆಗಳವರಲ್ಲಿ ಅನೇಕರು ಸಾಯಂಕಾಲದ ಪ್ರಾರ್ಥನಾ ಕೂಟ ಮುಗಿದ ಮೇಲೆ ಸೈಕಲ್ ತುಳಿದುಕೊಂಡು ಮನೆಗೆ ಹೋಗುತ್ತಾರೆ. ಕೆಲವರು ಸಂತೆಯಿಂದ ಹೊತ್ತು ಮುಳುಗಿದ ಮೇಲೆ ಹಿಂದಿರುಗುತ್ತಾರೆ. ಕೆಲವರು ಬೆಳಗಾಗುವ ಮುಂಚೆಯೇ ಹಾಲಿನ ಕ್ಯಾನನ್ನು ಕಟ್ಟಿಕೊಂಡು ಹೊರಡುತ್ತಾರೆ. ಸೈಕಲ್ಲು ಅನೇಕರಿಗೆ ಉಂಟು; ದೀಪವಾದರೋ ಕೆಲವರಿಗೆ ಮಾತ್ರ. 2022ನೇ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಸರಕಾರದ ಲೆಕ್ಕವು ತಿಳಿಸುತ್ತದೆ. ಕಾರಿನಲ್ಲಿ ಹೋಗುವವನ ಸುತ್ತಲೂ ಕಬ್ಬಿಣದ ಗೋಡೆಯಾದರೂ ಇದೆ. ಸೈಕಲ್ ಸವಾರನಿಗೆ ಬೆಳಕಿನ ಹೊರತು ಬೇರೆ ಗೋಡೆಯಿಲ್ಲ. ಆದಕಾರಣ ಅದನ್ನು ವಿವೇಕದಿಂದ ಆಯ್ದುಕೊಳ್ಳುವದು ಅಲ್ಪವಾದ ಸಂಗತಿಯಲ್ಲ.

1. ದೀಪಕ್ಕೆ ಕೆಲಸಗಳು ಎರಡು

ಸೈಕಲ್ಲಿನ ದೀಪವು ಎರಡು ಕೆಲಸಗಳನ್ನು ಮಾಡತಕ್ಕದ್ದು. ಮೊದಲನೆಯದು, ನಮಗೆ ದಾರಿಯನ್ನು ತೋರಿಸುವದು. ಎರಡನೆಯದು, ನಮ್ಮನ್ನು ಇತರರಿಗೆ ತೋರಿಸುವದು. ಸಾಧಾರಣವಾಗಿ ಜನರು ಮೊದಲನೆಯದನ್ನು ಮಾತ್ರ ಎಣಿಸುತ್ತಾರೆ. "ಈ ದಾರಿ ನನಗೆ ಹುಟ್ಟಿದಂದಿನಿಂದ ಗೊತ್ತು, ಬೆಳದಿಂಗಳೂ ಇದೆ, ದೀಪವೇತಕ್ಕೆ?" ಎಂದು ಹೇಳುವವರು ಎಷ್ಟೋ ಮಂದಿ. ದಾರಿಯು ಅವರಿಗೆ ಗೊತ್ತಿರಬಹುದು. ಆದರೆ ಅವರು ಆ ದಾರಿಯಲ್ಲಿ ಇದ್ದಾರೆಂದು ಹಿಂದಿನಿಂದ ಬರುವ ಲಾರಿಯವನಿಗೆ ಹೇಗೆ ಗೊತ್ತಾಗಬೇಕು?

ಲೆಕ್ಕ ಹಾಕಿ ನೋಡೋಣ. ತಾಸಿಗೆ 60 ಕಿಲೋಮೀಟರ್ ವೇಗದಿಂದ ಬರುವ ಮೋಟಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಓಡುತ್ತದೆ. ಚಾಲಕನು ಕಂಡು, ತಿಳಿದು, ಬ್ರೇಕ್ ಒತ್ತುವದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲಿಯೇ 25 ಮೀಟರ್ ಕಳೆಯಿತು. ಒಣ ರಸ್ತೆಯಲ್ಲಿ ಮೋಟಾರು ಪೂರಾ ನಿಲ್ಲುವದಕ್ಕೆ ಮತ್ತೆ ಸುಮಾರು 20 ಮೀಟರ್ ಬೇಕು. ಒಟ್ಟಿಗೆ 45 ಮೀಟರ್. ಆದರೆ ಎದುರಿನವರಿಗಾಗಿ ಕೆಳಗಿಳಿಸಿದ ಮೋಟಾರು ದೀಪದ ಬೆಳಕಿನಲ್ಲಿ ಕಪ್ಪು ಬಟ್ಟೆಯವನು ಅನೇಕ ವೇಳೆ 30 ಮೀಟರ್ ಹತ್ತಿರಕ್ಕೆ ಬಂದ ಮೇಲೆಯೇ ಕಾಣಿಸುತ್ತಾನೆ. ಹೀಗಿರಲಾಗಿ ಚಾಲಕನು ಎಷ್ಟೇ ಒಳ್ಳೆಯವನಾದರೂ, ಎಷ್ಟೇ ಎಚ್ಚರವಾಗಿದ್ದರೂ, ನಿಲ್ಲಿಸಲಾರನು. ಚಿಕ್ಕದೊಂದು ಕೆಂಪು ದೀಪವಾದರೋ ಕತ್ತಲಲ್ಲಿ 200 ಮೀಟರಿನಿಂದಲೇ ಕಾಣುವದು. ಆಗ ಅದೇ ಚಾಲಕನಿಗೆ 12 ಸೆಕೆಂಡುಗಳ ಸಮಯ ದೊರಕುವದು. ಎರಡು ಮನೆಗಳು ದುಃಖಕ್ಕೆ ಬೀಳದಿರುವದು ಈ 12 ಸೆಕೆಂಡುಗಳಿಂದಲೇ.

2. ಹಿಂದಿನ ದೀಪ

ಆದದರಿಂದ ಒಂದೇ ದೀಪಕ್ಕೆ ಹಣವಿರುವವನು ಮೊದಲು ಹಿಂದಿನ ದೀಪವನ್ನು ಕೊಳ್ಳಲಿ ಎಂದು ನಾವು ಹೇಳುವೆವು. ಮುಂದಕ್ಕೆ ಒಂದು ಸಾಧಾರಣ ಟಾರ್ಚನ್ನು ಹಳೇ ಟ್ಯೂಬಿನ ರಬ್ಬರಿನಿಂದ ಹ್ಯಾಂಡಲಿಗೆ ಬಿಗಿದುಕೊಂಡರೂ ಸದ್ಯಕ್ಕೆ ಸಾಗುವದು. ಹಿಂದಕ್ಕಾದರೋ ಕೆಂಪು ದೀಪವೇ ಬೇಕು. ಮುಂದೆ ಬಿಳಿ, ಹಿಂದೆ ಕೆಂಪು ಎಂಬ ಕ್ರಮವನ್ನು ಎಂದಿಗೂ ಬದಲಾಯಿಸಬಾರದು; ಯಾಕಂದರೆ ಬಣ್ಣವನ್ನು ನೋಡಿಯೇ ನಾವು ಎದುರಾಗಿ ಬರುತ್ತೇವೋ ಮುಂದಾಗಿ ಹೋಗುತ್ತೇವೋ ಎಂದು ಜನರು ತಿಳಿಯುತ್ತಾರೆ.

ರಾತ್ರಿಗೆ ಹಿಂದಿನ ದೀಪವು 10ರಿಂದ 50 ಲುಮೆನ್ ಇದ್ದರೆ ಸಾಕು. ಲುಮೆನ್ ಎಂಬದು ದೀಪದಿಂದ ಹೊರಡುವ ಒಟ್ಟು ಬೆಳಕಿನ ಅಳತೆ. ಮಿಣುಕುವ ದೀಪವು ಬೇಗನೆ ಕಣ್ಣಿಗೆ ಬೀಳುವದು ನಿಜ. ಆದರೆ ಅದು ಎಷ್ಟು ದೂರದಲ್ಲಿದೆ, ಯಾವ ವೇಗದಿಂದ ಹೋಗುತ್ತದೆಂದು ಅಂದಾಜು ಮಾಡುವದು ನೋಡುವವನಿಗೆ ಕಷ್ಟ. ಬ್ರಿಟನ್ನಿನಲ್ಲಿ 2005ರಿಂದ ಮಿಣುಕುವ ದೀಪಕ್ಕೆ ಅನುಮತಿ ಉಂಟು. ಜರ್ಮನಿಯ ನಿಯಮವು ಅದನ್ನು ಒಪ್ಪುವದಿಲ್ಲ. ಒಂದೇ ದೀಪವಿರುವವನು ಅದನ್ನು ಸ್ಥಿರವಾಗಿ ಉರಿಸುವದು ಉತ್ತಮವೆಂದು ನಮ್ಮ ಅಭಿಪ್ರಾಯ.

ಹಳ್ಳಿಯವರು ವಿಶೇಷವಾಗಿ ಗಮನಿಸತಕ್ಕದ್ದು ಒಂದುಂಟು. ಸೀಟಿನ ಕೆಳಗೆ ಕಟ್ಟಿದ ದೀಪವು ಬರಿದಾದ ಸೈಕಲ್ಲಿಗೆ ಸರಿ. ಕ್ಯಾರಿಯರಿನ ಮೇಲೆ ಅಕ್ಕಿಯ ಚೀಲವನ್ನಾಗಲಿ, ಹುಲ್ಲಿನ ಹೊರೆಯನ್ನಾಗಲಿ ಇಟ್ಟಕೂಡಲೆ ಅದು ಮರೆಯಾಗುವದು. ಹಿಂದೆ ಕುಳಿತವರ ಸೀರೆಯ ಸೆರಗೂ ಅದನ್ನು ಮುಚ್ಚುವದು. ಇಂಥವರು ದೀಪವನ್ನು ಹಿಂದಿನ ಮಡ್ಗಾರ್ಡಿನ ಮೇಲೆ ಅಥವಾ ಕ್ಯಾರಿಯರಿನ ಕಡೆಯ ಅಂಚಿನಲ್ಲಿ ಹಾಕಿಸಬೇಕು. ಹೊರೆಯು ಅದಕ್ಕಿಂತಲೂ ಹೊರಚಾಚಿದರೆ ಬಿಚ್ಚಿ ಹೊರೆಗೇ ಕಟ್ಟಬೇಕು. ದೀಪವನ್ನು ಉರಿಸಿ ಕೊಳಗದ ಕೆಳಗೆ ಇಡುವವರು ಇಲ್ಲವೆಂದು ಕರ್ತನು ಹೇಳಿದ್ದನ್ನು ಬಲ್ಲ ನಾವು ಚೀಲದ ಹಿಂದೆ ಇಡಬಹುದೇ?

3. ಮುಂದಿನ ದೀಪ

ತಾಸಿಗೆ 18 ಕಿಲೋಮೀಟರ್ ವೇಗದಿಂದ ತುಳಿಯುವವನು ಸೆಕೆಂಡಿಗೆ 5 ಮೀಟರ್ ಮುಂದಕ್ಕೆ ಹೋಗುತ್ತಾನೆ. ತಗ್ಗನ್ನು ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ 5 ಮೀಟರ್, ನಿಲ್ಲುವಷ್ಟರಲ್ಲಿ ಮತ್ತೆ ನಾಲ್ಕೈದು ಮೀಟರ್ ಆಗುವವು. ಮಳೆಯಲ್ಲಿ ಗಾಲಿಯ ರಿಮ್ಮು ತೊಯ್ದಿರುವಾಗ ಇನ್ನೂ ಹೆಚ್ಚು. ಆದದರಿಂದ ಕಡಿಮೆಯೆಂದರೆ 15 ಮೀಟರ್ ದೂರದ ವರೆಗೆ ನೆಲವನ್ನು ತೋರಿಸುವ ದೀಪವು ಬೇಕು.

ನಮ್ಮ ದಾರಿಗಳಲ್ಲಿ ಕಾಣಬೇಕಾದವುಗಳು ತಗ್ಗುಗಳು ಮಾತ್ರವಲ್ಲ. ಹಿಂದೆ ದೀಪವಿಲ್ಲದೆ ನಿಂತಿರುವ ಕಬ್ಬಿನ ಟ್ರಾಕ್ಟರು, ಎತ್ತಿನ ಗಾಡಿ, ಮಲಗಿರುವ ಎಮ್ಮೆ, ಒಕ್ಕಲಿಗೋಸ್ಕರ ರಸ್ತೆಯ ಮೇಲೆ ಹರವಿದ ತೆನೆ, ತೆನೆಯನ್ನು ತೆಗೆದ ಮೇಲೂ ಅಲ್ಲಿಯೇ ಬಿಟ್ಟುಹೋದ ಕಲ್ಲುಗಳು, ಇವೆಲ್ಲವೂ ಉಂಟು. ಬೀದಿದೀಪಗಳಿರುವ ಪಟ್ಟಣದಲ್ಲಿ 100 ಲುಮೆನ್ನಿನ ದೀಪವು ಸಾಕು. ಬೆಳಕಿಲ್ಲದ ಹಳ್ಳಿಯ ದಾರಿಗೆ 200ರಿಂದ 400 ಲುಮೆನ್ ಬೇಕು. ಆದರೆ ಡಬ್ಬಿಯ ಮೇಲೆ ಅಚ್ಚಾಗಿರುವ ದೊಡ್ಡ ಸಂಖ್ಯೆಗೆ ಮರುಳಾಗಬಾರದು. ಬೆಳಕು ಎಷ್ಟು ಹೊರಡುತ್ತದೆಂಬದಕ್ಕಿಂತ ಎಲ್ಲಿ ಬೀಳುತ್ತದೆಂಬದೇ ಮುಖ್ಯ. ಮರಗಳ ತುದಿಯನ್ನು ಬೆಳಗಿಸುವ 800 ಲುಮೆನ್ನಿಗಿಂತ ನೆಲದ ಮೇಲೆ ಹರಡುವ 250 ಲುಮೆನ್ ಲೇಸು. ನೆಲದ ಮೇಲೆ ಬಿದ್ದ ಬೆಳಕನ್ನು ಲಕ್ಸ್ ಎಂಬ ಅಳತೆಯಿಂದ ಎಣಿಸುವರು. ಅದನ್ನೂ ಬರೆದಿರುವ ದೀಪವಾದರೆ ಆಯ್ದುಕೊಳ್ಳುವದು ಸುಲಭ.

4. ಎದುರಿಗೆ ಬರುವವನ ಕಣ್ಣು

ಮನುಷ್ಯನ ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳುವದಕ್ಕೆ 20ರಿಂದ 30 ನಿಮಿಷಗಳು ಬೇಕು. ತೀಕ್ಷ್ಣವಾದ ಬೆಳಕು ಒಂದು ಕ್ಷಣ ತಗಲಿದರೆ ಆ ಹೊಂದಿಕೆಯು ಕೆಟ್ಟುಹೋಗುವದು. ಎದುರಿನಿಂದ ನಡೆದು ಬರುವ ಮುದುಕಿಯು ನಮ್ಮ ದೀಪದಿಂದ ಕಣ್ಣು ಕತ್ತಲೆಗಟ್ಟಿ ಚರಂಡಿಗೆ ಬಿದ್ದರೆ ಆ ಬೆಳಕು ಯಾರಿಗೆ ಉಪಕಾರವಾಯಿತು? ನಮಗೆ ದಾರಿಯನ್ನು ತೋರಿಸಿ ನೆರೆಯವನನ್ನು ಕುರುಡನನ್ನಾಗಿ ಮಾಡುವ ದೀಪವನ್ನು ಒಳ್ಳೆಯ ದೀಪವೆನ್ನಲಾಗದು.

ಇದಕ್ಕೆ ಸುಲಭವಾದ ಉಪಾಯವುಂಟು. ಸೈಕಲ್ಲನ್ನು ಸಮನಾದ ನೆಲದಲ್ಲಿ ಗೋಡೆಗೆ ಎದುರಾಗಿ 5 ಮೀಟರ್ ದೂರದಲ್ಲಿ ನಿಲ್ಲಿಸಿರಿ. ದೀಪವು ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಬೆಳಕಿನ ನಡುಭಾಗವು ಗೋಡೆಯ ಮೇಲೆ 45 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಅರ್ಧಕ್ಕೆ, ಬೀಳಬೇಕು. ಹೀಗೆ ತಿರುಗಿಸಿದ ದೀಪದ ನಡುಭಾಗವು ರಸ್ತೆಯ ಮೇಲೆ 10 ಮೀಟರ್ ದೂರದಲ್ಲಿ ನೆಲವನ್ನು ಮುಟ್ಟುವದು; ಮೇಲಿನ ಅಂಚು ಅದರಾಚೆಗೆ ಬೆಳಗಿಸುವದು; ಎದುರಿನವನ ಮುಖಕ್ಕೆ ಬಲವಾದ ಬೆಳಕು ಬೀಳದು. ಮೇಲಂಚು ಕತ್ತರಿಸಿದಂತೆ ಬೆಳಕು ಚೆಲ್ಲುವ ದೀಪವು ಸಿಕ್ಕಿದರೆ ಅದನ್ನೇ ಕೊಳ್ಳಬೇಕು. ಮೊಬೈಲ್ ಫೋನಿನ ದೀಪವನ್ನು ಕೈಯಲ್ಲಿ ಹಿಡಿದು ಒಂದೇ ಕೈಯಿಂದ ಸೈಕಲ್ ನಡಿಸುವದು ಸಲ್ಲದು. ಅವಶ್ಯವಾದಾಗ ಬ್ರೇಕಿಗೆ ಕೈ ದೊರಕದು.

5. ದೀಪಕ್ಕೆ ಎಣ್ಣೆ

ಹಿಂದಿನ ಕಾಲದಲ್ಲಿ ಸೈಕಲ್ಲಿಗೆ ಎಣ್ಣೆಯ ದೀಪವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರ್ಬೈಡ್ ದೀಪವು ಬಂತು. ಕಾರ್ಬೈಡ್ ಹರಳುಗಳ ಮೇಲೆ ನೀರು ತೊಟ್ಟಿಕ್ಕಿದಾಗ ಹುಟ್ಟುವ ಅಸಿಟಿಲೀನ್ ಅನಿಲವು ಅದರಲ್ಲಿ ಉರಿಯುತ್ತಿತ್ತು. ಆಮೇಲೆ ಡೈನಮೊ ದೀಪವೂ ಸೆಲ್ಲಿನ ದೀಪವೂ ಬಳಕೆಗೆ ಬಂದವು. ಈಗಿನ ದೀಪಗಳಲ್ಲಿರುವದು ಎಲ್.ಇ.ಡಿ. ಬಿಳಿ ಎಲ್.ಇ.ಡಿ.ಗೆ ಮೂಲವಾದ ನೀಲಿ ಎಲ್.ಇ.ಡಿ.ಯನ್ನು ಕಂಡುಹಿಡಿದದ್ದಕ್ಕಾಗಿ ಅಕಸಾಕಿ, ಅಮಾನೊ, ನಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನವು ದೊರಕಿತು. ಸ್ವಲ್ಪ ವಿದ್ಯುತ್ತಿನಿಂದ ಬಹಳ ಬೆಳಕನ್ನು ಕೊಡುವದೇ ಇದರ ಗುಣ.

ಆದರೂ ಹತ್ತು ಮಂದಿ ಕನ್ಯೆಯರ ಸಾಮ್ಯದ ಪ್ರಶ್ನೆಯು ಇನ್ನೂ ಉಳಿದಿದೆ. ಆ ಹತ್ತು ಮಂದಿಯ ಕೈಯಲ್ಲಿಯೂ ದೀಪಗಳಿದ್ದವು. ಬುದ್ಧಿಯಿಲ್ಲದ ಐವರಿಗೆ ಎಣ್ಣೆಯು ಸಾಲದೆ ಹೋಯಿತು. ಮದಲಿಂಗನು ತಡಮಾಡಿದನು. ನಮ್ಮ ಕೂಟಗಳೂ ಕೆಲವು ಸಾರಿ ತಡವಾಗುವವು! ಚಾರ್ಜ್ ಮಾಡುವ ದೀಪವು ಪೂರ್ಣ ಬೆಳಕಿನಲ್ಲಿ ಎಷ್ಟು ತಾಸು ಉರಿಯುವದೆಂದು ಕೊಳ್ಳುವ ಮುಂಚೆ ವಿಚಾರಿಸಬೇಕು. 2000 ಮಿಲಿಆಂಪಿಯರ್-ತಾಸಿನ ಒಂದು ಲಿಥಿಯಂ ಸೆಲ್ಲು 300 ಲುಮೆನ್ನಿನ ದೀಪವನ್ನು ಸುಮಾರು ಎರಡು ತಾಸು ಮಾತ್ರ ಉರಿಸೀತು. ಡಬ್ಬಿಯ ಮೇಲಿನ ದೊಡ್ಡ ತಾಸುಗಳ ಲೆಕ್ಕವು ಅನೇಕ ವೇಳೆ ಅತಿ ಮಂದವಾದ ಬೆಳಕಿನದಾಗಿರುತ್ತದೆ. ಕರೆಂಟು ಪದೇ ಪದೇ ಹೋಗುವ ಊರಿನವರು ಅಂಗಡಿಯಲ್ಲಿ ಸಿಕ್ಕುವ ಸಾಧಾರಣ ಸೆಲ್ಲಿನ ದೀಪವನ್ನು ಕೊಂಡು ಒಂದು ಜೊತೆ ಸೆಲ್ಲುಗಳನ್ನು ಚೀಲದಲ್ಲಿ ಇಟ್ಟುಕೊಳ್ಳುವದು ಜಾಣತನ.

ಡೈನಮೊ ದೀಪಕ್ಕೆ ಎಣ್ಣೆಯ ಚಿಂತೆಯೇ ಇಲ್ಲ. ಗಾಲಿ ತಿರುಗುವ ವರೆಗೆ ಬೆಳಕುಂಟು. ಜರ್ಮನಿಯಲ್ಲಿ ಸಾಧಾರಣ ಸೈಕಲ್ಲುಗಳಿಗೆ ಡೈನಮೊ ಇರಲೇಬೇಕೆಂಬ ನಿಯಮವು 2013ರ ವರೆಗೂ ನಡೆದದ್ದು ಈ ಕಾರಣದಿಂದಲೇ. ಮುಂದಿನ ಹಿಂದಿನ ದೀಪಗಳೆರಡಕ್ಕೂ ಅದು ಕೊಡುವದು 3 ವಾಟ್ ಮಾತ್ರ, ಎಲ್.ಇ.ಡಿ. ಹಾಕಿದರೆ ಹಳೆಯ ಬಲ್ಬಿಗಿಂತ ಅನೇಕ ಪಾಲು ಹೆಚ್ಚಾದ ಬೆಳಕು ಬರುವದು. ಟಾಯರಿಗೆ ಉಜ್ಜುವ ಡೈನಮೊ ಮಳೆಯಲ್ಲಿ ಜಾರುವದು. ನಿಂತಾಗ ದೀಪವು ಆರಿಹೋಗುವದು. ನಿಂತ ಮೇಲೂ ಕೆಲವು ನಿಮಿಷ ಉರಿಯುವ ದೀಪಗಳು ಸಿಕ್ಕುತ್ತವೆ, ಅವೇ ಕ್ಷೇಮ.

ಕರಾವಳಿಯವರೂ ಮಲೆನಾಡಿನವರೂ ನೀರಿನ ವಿಷಯವನ್ನು ಕೇಳದೆ ದೀಪವನ್ನು ಕೊಳ್ಳಬಾರದು. ಐ.ಪಿ.ಎಕ್ಸ್. 4 ಎಂಬ ಗುರುತು ಎಲ್ಲಾ ಕಡೆಯಿಂದ ಸಿಡಿಯುವ ನೀರನ್ನು ತಾಳುವದೆಂದು ತಿಳಿಸುತ್ತದೆ. ಅದಕ್ಕಿಂತ ಕಡಿಮೆಯಾದದ್ದು ಆಷಾಢದ ಮಳೆಗೆ ನಿಲ್ಲದು.

6. ಪ್ರತಿಫಲಕಗಳು

ರಿಫ್ಲೆಕ್ಟರ್ ಎಂಬ ಪ್ರತಿಫಲಕವು ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ಕಡೆಗೇ ತಿರುಗಿ ಕಳುಹಿಸುವದು. ಅದಕ್ಕೆ ಸೆಲ್ಲೂ ಬೇಡ, ಚಾರ್ಜೂ ಬೇಡ. ಪೆಡಲುಗಳಲ್ಲಿರುವವುಗಳು ವಿಶೇಷವಾಗಿ ಉಪಯುಕ್ತವು. ಅವು ಮೇಲಕ್ಕೂ ಕೆಳಕ್ಕೂ ಆಡುವದರಿಂದ ಮುಂದೆ ಹೋಗುವದು ಸೈಕಲ್ಲೇ ಎಂದು ಚಾಲಕನಿಗೆ ಕೂಡಲೆ ತಿಳಿಯುವದು. ಬ್ರಿಟನ್ನಿನಲ್ಲಿ 1985ರ ಅಕ್ಟೋಬರಿನಿಂದೀಚೆಗೆ ಮಾಡಿದ ಸೈಕಲ್ಲುಗಳು ರಾತ್ರಿ ರಸ್ತೆಗೆ ಬರಬೇಕಾದರೆ ಪೆಡಲುಗಳಲ್ಲಿ ಇವು ಇರಲೇಬೇಕು. ಆದರೆ ಮೋಟಾರಿನ ಬೆಳಕು ಬೀಳದ ಅಡ್ಡದಾರಿಯಲ್ಲಿಯೂ ತಿರುವಿನಲ್ಲಿಯೂ ಪ್ರತಿಫಲಕವು ಮೂಕವಾಗಿರುವದು. ಆದಕಾರಣ ಅದು ದೀಪಕ್ಕೆ ಸಹಾಯಕವೇ ಹೊರತು ದೀಪಕ್ಕೆ ಬದಲಲ್ಲ. ಬಿಳಿಯ ಅಂಗಿಯ ವಿಷಯವೂ ಹಾಗೆಯೇ.

ಕಡೇ ಮಾತು

ಸಹೋದರ ಸಹೋದರಿಯರೇ, ಹಿಂದಿನ ದೀಪದಲ್ಲಿ ಒಂದು ವಿಶೇಷವುಂಟು. ತುಳಿಯುವವನು ಅದರ ಬೆಳಕನ್ನು ಒಂದು ಸಾರಿಯಾದರೂ ಅನುಭವಿಸುವದಿಲ್ಲ. ಅದು ಉರಿಯುತ್ತದೋ ಆರಿದೆಯೋ ಎಂಬದು ಸಹ ಇಳಿದು ನೋಡಿದ ಹೊರತು ಅವನಿಗೆ ತಿಳಿಯದು. ಅದರ ಬೆಳಕೆಲ್ಲವೂ ಹಿಂದೆ ಬರುವ, ಹೆಸರು ಗೊತ್ತಿಲ್ಲದ ಮನುಷ್ಯನಿಗೆ ಸೇರಿದ್ದು. ಒಬ್ಬನನ್ನು ಕೊಂದೆನಲ್ಲಾ ಎಂಬ ದುಃಖದಿಂದ ಅದು ಅವನನ್ನು ಕಾಯುತ್ತದೆ. ನಮ್ಮ ಮನೆಯವರಿಗೆ ನಮ್ಮನ್ನು ಉಳಿಸಿಕೊಡುತ್ತದೆ.

ಆದಕಾರಣ ಪ್ರತಿ ಸಭೆಯವರೂ ಎರಡು ಮೂರು ಕೆಂಪು ದೀಪಗಳನ್ನು ಕೊಂಡು ದೇವಾಲಯದ ಬಾಗಿಲ ಬಳಿಯಲ್ಲಿ ಇಡಲಿ. ದೀಪವಿಲ್ಲದೆ ಬಂದವನು ಒಂದನ್ನು ತೆಗೆದುಕೊಂಡು ಹೋಗಿ ಮುಂದಿನ ಭಾನುವಾರ ತಂದಿಡಲಿ. ಕೂಟ ಮುಗಿದ ಮೇಲೆ ಹೊರಡುವವರು ಒಬ್ಬರ ದೀಪವನ್ನೊಬ್ಬರು ನೋಡಿ, "ಅಣ್ಣಾ, ನಿಮ್ಮ ಹಿಂದಿನ ದೀಪ ಉರಿಯುತ್ತಿದೆ, ಹೋಗಿ ಬನ್ನಿರಿ" ಎಂದು ಹೇಳಿ ಕಳುಹಿಸಲಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಮಾಳಿಗೆಯ ಗೋಡೆಯ ಆಜ್ಞೆಯು ಯಾರ ಕ್ಷೇಮಕ್ಕೋಸ್ಕರ ಕೊಡಲ್ಪಟ್ಟಿತು? ಅದೇ ಬುದ್ಧಿಯನ್ನು ನಮ್ಮ ಊರಿನ ಬೇರೆ ಯಾವ ಸಂಗತಿಗಳಿಗೆ ಅನ್ವಯಿಸಬಹುದು?
2. ಒಂದೇ ದೀಪವನ್ನು ಕೊಳ್ಳಬಲ್ಲವನು ಯಾವದನ್ನು ಮೊದಲು ಕೊಳ್ಳಬೇಕು? ಯಾತಕ್ಕೆ?
3. ನಮ್ಮ ಸಭೆಯವರಲ್ಲಿ ರಾತ್ರಿಯಲ್ಲಿ ಸೈಕಲ್ ತುಳಿಯುವವರು ಎಷ್ಟು ಮಂದಿ? ಅವರಲ್ಲಿ ದೀಪವಿಲ್ಲದವರು ಯಾರು?
4. ನಮ್ಮ ಮುಂದಿನ ದೀಪವು ಎದುರಿನವನ ಕಣ್ಣಿಗೆ ಬೀಳುತ್ತದೋ ಎಂಬದನ್ನು ಗೋಡೆಯ ಮುಂದೆ ಹೇಗೆ ಪರೀಕ್ಷಿಸಬೇಕು?