ಹಾವು ಕಚ್ಚಿದಾಗ ಹೊತ್ತು ಕಳೆಯಬೇಡಿ



ಈ ಪಾಠ ಬರೆಯಿರಿ ಎಂದು ನಮ್ಮನ್ನು ಕೇಳಿದವರು ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ. ಅವರ ಗಂಡ ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಆಗ ಕಾಲಿಗೆ ಹಾವು ಕಚ್ಚಿತು. ಅದು ಕೊಳಕು ಮಂಡಲ. ಮನೆಯವರು ಅವರನ್ನು ಪಕ್ಕದ ಊರಿನ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದರು. ಬೇವಿನ ಸೊಪ್ಪು, ನಿಂಬೆಹಣ್ಣು, ತಾಯಿತ ಎಲ್ಲಾ ಆಯಿತು. ಸಂಜೆ ಹೊತ್ತಿಗೆ ಕಾಲು ಊದಿಕೊಂಡಿತು. ವಸಡಿನಿಂದ ರಕ್ತ ಬಂತು. ಆಮೇಲೆ ಆಸ್ಪತ್ರೆಗೆ ಹೋದರು. ಅಷ್ಟರಲ್ಲಿ ಮೂತ್ರಪಿಂಡ ಕೆಟ್ಟಿತ್ತು. ನಾಲ್ಕನೇ ದಿನ ತೀರಿಕೊಂಡರು.

ಆ ಅಕ್ಕ ನಮಗೆ ಹೇಳಿದರು: "ಆಸ್ಪತ್ರೆ ದೂರ ಇರ್ಲಿಲ್ಲ ಟೀಚರ್. ನಮ್ಮತ್ತೆ ಮಗನಿಗೆ ಕೆಟ್ಟದ್ದು ಬಯಸಿದ್ರಾ? ಇಲ್ಲ. ಯಾರಿಗೂ ಗೊತ್ತಿರ್ಲಿಲ್ಲ ಅಷ್ಟೆ. ಎಲ್ಲರೂ ಓದೋ ಹಾಗೆ ಬರೀರಿ."

ಅದಕ್ಕೇ ಬರೆದಿದ್ದೇವೆ.

ಎಷ್ಟು ಜನ ಸಾಯುತ್ತಾರೆ?

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು ಎಂದು ತಿಳಿದವರು ಅಂದಾಜು ಮಾಡಿದ್ದಾರೆ. ಅಂದರೆ ವರ್ಷಕ್ಕೆ ಸುಮಾರು 58 ಸಾವಿರ ಜನ. ಹೆಚ್ಚಿನವರು ನಮ್ಮಂಥ ಹಳ್ಳಿಯವರು. ಮಳೆಗಾಲದಲ್ಲಿ ಸಾವು ಜಾಸ್ತಿ.

ಯಾವ ಹಾವು ವಿಷದ್ದು?

ಎಲ್ಲಾ ಹಾವಿಗೂ ವಿಷ ಇಲ್ಲ. ಕೇರೆ ಹಾವಿಗೆ ವಿಷ ಇಲ್ಲ. ಹೆಚ್ಚು ಜನರನ್ನು ಕೊಲ್ಲುವ ಹಾವು ನಾಲ್ಕು. ನಾಗರ ಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ.

ಮಂಡಲ ಕಚ್ಚಿದರೆ ಉರಿ, ಬಾವು, ರಕ್ತ ಸೋರುವುದು. ನಾಗರ ಕಚ್ಚಿದರೆ ನೋವು, ಬಾವು ಬರುತ್ತದೆ. ರೆಪ್ಪೆ ಜೋಲುತ್ತದೆ. ಉಸಿರು ಕಟ್ಟುತ್ತದೆ.

ಕಟ್ಟು ಹಾವಿನ ಬಗ್ಗೆ ಬಹಳ ಎಚ್ಚರ ಬೇಕು. ಅದು ರಾತ್ರಿ ಬರುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇಲ್ಲ, ಬಾವೂ ಇಲ್ಲ. ಗುರುತೂ ಕಾಣದೆ ಇರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವು ಎಂದು ಅಳುತ್ತದೆ. ನಾವು ಓಮದ ನೀರು ಕುಡಿಸುತ್ತೇವೆ. ಮಗುವಿನ ಕಣ್ಣು ನೋಡಿ. ರೆಪ್ಪೆ ಮೇಲೆತ್ತಲು ಆಗುತ್ತಿಲ್ಲವೇ? ಮಾತು ತೊದಲುತ್ತಿದೆಯೇ? ಕೂಡಲೇ ಆಸ್ಪತ್ರೆಗೆ ಹೊರಡಿ.

ಮಂತ್ರದಿಂದ ವಿಷ ಇಳಿಯುತ್ತದೆಯೇ?

"ನಮ್ಮಣ್ಣನಿಗೆ ಮಂತ್ರ ಹಾಕಿಸಿ ವಾಸಿಯಾಯ್ತಲ್ಲ" ಎಂದು ತರಗತಿಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ವಿಷವಿಲ್ಲದ ಹಾವು ಕಚ್ಚಿದರೆ ಮನುಷ್ಯ ಬದುಕುತ್ತಾನೆ. ವಿಷದ ಹಾವು ಕೂಡ ಕೆಲವು ಸಲ ಕಚ್ಚುತ್ತದೆ, ವಿಷ ಬಿಡುವುದಿಲ್ಲ. ಆಗಲೂ ಬದುಕುತ್ತಾನೆ. ಹೆಸರು ಮಂತ್ರಕ್ಕೆ ಬರುತ್ತದೆ. ವಿಷ ಒಳಗೆ ಹೋಗಿದ್ದರೆ ಮಂತ್ರವೂ ಇಳಿಸದು, ಬೇರೂ ಇಳಿಸದು. ದೇವರಿಗೆ ಹರಕೆ ಕಟ್ಟಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆಸ್ಪತ್ರೆಯ ದಾರಿಯಲ್ಲೇ ಕಟ್ಟಿಕೊಳ್ಳಿ.

ವಿಷಕ್ಕೆ ಮದ್ದು ಯಾವುದು?

ಮದ್ದು ಒಂದೇ. ಹಾವಿನ ವಿಷ ನಿರೋಧಕ ಔಷಧ. ಇದನ್ನು ಕುದುರೆಯ ರಕ್ತದಿಂದ ಮಾಡುತ್ತಾರೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾರೆ. ಕುದುರೆ ಸಾಯುವುದಿಲ್ಲ. ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಬೆಳೆಯುತ್ತದೆ. ಆ ಶಕ್ತಿಯನ್ನು ಬೇರೆ ಮಾಡಿ ಸೀಸೆಗೆ ತುಂಬುತ್ತಾರೆ.

ಇದಕ್ಕೆ ಬೇಕಾದ ವಿಷ ಎಲ್ಲಿಂದ ಬರುತ್ತದೆ? ತಮಿಳುನಾಡಿನ ಇರುಳ ಜನ ಹಾವು ಹಿಡಿಯುವುದರಲ್ಲಿ ಜಾಣರು. ಅವರು 1978ರಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ಹಾವನ್ನು ಕೊಲ್ಲದೆ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಹೆಂಗಸರೂ ಈ ಕೆಲಸ ಮಾಡುತ್ತಾರೆ.

ನಾಲ್ಕೂ ಹಾವಿಗೆ ಇದೊಂದೇ ಔಷಧ. ಆದ್ದರಿಂದ ಹಾವನ್ನು ಹುಡುಕಿ ಕೊಂದು ತರುವುದು ಬೇಡ. ಹೊತ್ತು ಹೋಗುತ್ತದೆ. ಇನ್ನೊಬ್ಬರಿಗೂ ಕಚ್ಚಬಹುದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಗಾಜಿನ ಕೊಳವೆಗೆ ಸ್ವಲ್ಪ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಡುತ್ತಾರೆ. ಹಾಲು ಹೆಪ್ಪಾಗುವ ಹಾಗೆ ರಕ್ತವೂ ಹೆಪ್ಪಾಗಬೇಕು. ನೀರಾಗಿಯೇ ಉಳಿದರೆ ಮಂಡಲದ ವಿಷ ಎಂದು ತಿಳಿಯುತ್ತದೆ. ವಿಷದ ಗುರುತು ಕಂಡರೆ ಔಷಧವನ್ನು ನರಕ್ಕೆ ಕೊಡುತ್ತಾರೆ. ಒಂದು ಸೀಸೆ ಸಾಲದು. ಸಾಮಾನ್ಯವಾಗಿ 8ರಿಂದ 10 ಸೀಸೆ ಬೇಕು. ಮಕ್ಕಳಿಗೂ ಅಷ್ಟೇ ಬೇಕು, ಏಕೆಂದರೆ ಹಾವು ಮಗು ಎಂದು ವಿಷ ಕಡಿಮೆ ಬಿಡುವುದಿಲ್ಲ. ಬಸುರಿ ಹೆಂಗಸಿಗೂ ಕೊಡಬೇಕು. ಕೆಲವರಿಗೆ ಔಷಧದಿಂದ ಮೈ ತುರಿಸಬಹುದು, ಉಸಿರು ಕಟ್ಟಬಹುದು. ಅದಕ್ಕೂ ಡಾಕ್ಟರ ಹತ್ತಿರ ಮದ್ದಿದೆ. ಹೆದರಿ ಎದ್ದು ಬರಬೇಡಿ.

ಸರಕಾರಿ ಆಸ್ಪತ್ರೆಯಲ್ಲಿ ಈ ಔಷಧಕ್ಕೆ ದುಡ್ಡಿಲ್ಲ. ಔಷಧ ಇಲ್ಲ ಎಂದರೆ ಸುಮ್ಮನೆ ಮನೆಗೆ ಬರಬೇಡಿ. "ಎಲ್ಲಿದೆ ಹೇಳಿ, ಚೀಟಿ ಬರೆದು ಗಾಡಿ ಮಾಡಿ ಕಳಿಸಿ" ಎಂದು ಕೇಳಿ. ಕೇಳುವುದು ನಮ್ಮ ಹಕ್ಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕು. ಎಲ್ಲಿ ಎಷ್ಟು ಔಷಧ ಬೇಕು ಎಂಬುದು ಆ ಲೆಕ್ಕದಿಂದ ತಿಳಿಯುತ್ತದೆ.

ನೆನಪಿಡಿ

1. ಧೈರ್ಯ ಹೇಳಿ. ನಡೆಸಬೇಡಿ, ಓಡಿಸಬೇಡಿ.
2. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಬಾವು ಬಂದರೆ ಬೆರಳಿಗೆ ಕುತ್ತು. ಮುತ್ತೈದೆ ಕಾಲುಂಗುರ ತೆಗೆಯಬಾರದು ಎಂದು ಅಳುಕಬೇಡಿ. ಜೀವ ಉಳಿದರೆ ಮತ್ತೆ ಹಾಕಿಕೊಳ್ಳಬಹುದು.
3. ಕೈಕಾಲು ಅಲುಗದ ಹಾಗೆ ಕೋಲು ಇಟ್ಟು, ಬಟ್ಟೆಯಿಂದ ಸಡಿಲವಾಗಿ ಸುತ್ತಿ.
4. ಹಗ್ಗ ಬಿಗಿಯಬೇಡಿ. ಕುಯ್ಯಬೇಡಿ. ಬಾಯಿಂದ ಚೀಪಬೇಡಿ. ಯಾರಾದರೂ ಬಿಗಿಯಾಗಿ ಕಟ್ಟಿದ್ದರೆ ಡಾಕ್ಟರ ಮುಂದೆಯೇ ಬಿಚ್ಚಿಸಿ.
5. 108ಕ್ಕೆ ಫೋನ್ ಮಾಡಿ. ಗಾಡಿ ತಡವಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಕರೆದೊಯ್ಯಿರಿ.
6. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಹಿಡಿಯಿರಿ. ಮಂಚದ ಮೇಲೆ ಮಲಗಿ. ಸೊಳ್ಳೆ ಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿ.

ಬರೆಯಿರಿ

1. ನಿಮ್ಮ ಊರಿಗೆ ಹತ್ತಿರದ ಆಸ್ಪತ್ರೆ ಯಾವುದು? ಎಷ್ಟು ದೂರ?
2. ಅಲ್ಲಿ ಹಾವಿನ ವಿಷದ ಔಷಧ ಇದೆಯೇ? ಈ ವಾರ ನರ್ಸಮ್ಮನನ್ನು ಕೇಳಿ ಬನ್ನಿ. ಇಲ್ಲದಿದ್ದರೆ ಎಲ್ಲಿದೆ?
3. ರಾತ್ರಿ ಹೊತ್ತು ನಿಮ್ಮ ಬೀದಿಯಲ್ಲಿ ಯಾರ ಗಾಡಿ ಸಿಗುತ್ತದೆ?

ಈ ಮೂರು ಉತ್ತರವನ್ನೂ, 108 ಎಂಬ ಅಂಕಿಯನ್ನೂ ನಿಮ್ಮ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಪಾಠ ಬರೆಸಿದ ಅಕ್ಕ ತಮ್ಮ ಬಾಗಿಲ ಪಕ್ಕ ಇದ್ದಿಲಿನಲ್ಲಿ ಬರೆದಿದ್ದಾರೆ. ಅತ್ತೆಗೂ ಓದಿ ಹೇಳಿದ್ದಾರೆ.