ಬರಿಯ ತಗಡಿನ ಮೇಲಣ ತುಕ್ಕು

ಹಳೆಯ ಅಂಬಾಸಿಡರ್ ಕಾರೊಂದರ ಬಣ್ಣವನ್ನು ಪೂರ್ಣವಾಗಿ ಕೆರೆದು ತೆಗೆದಾಗ ಅದರಡಿಯ ಉಕ್ಕಿನ ತಗಡು ಬೆಳ್ಳಿಯಂತೆ ಹೊಳೆಯುತ್ತದೆ. ಮಳೆಗಾಲದಲ್ಲಿ ಅದನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಕಿತ್ತಳೆ ಬಣ್ಣದ ತೆಳುವಾದ ಮಬ್ಬೊಂದು ಅದರ ಮೇಲೆ ಕವಿದಿರುತ್ತದೆ. ಟಿಂಕರಿಂಗ್ ಕೆಲಸದಲ್ಲಿ ಇದನ್ನು ಅತ್ಯಲ್ಪ ಸಂಗತಿಯೆಂದು ಭಾವಿಸುವವರೇ ಹೆಚ್ಚು. ಆದರೆ ಬಣ್ಣ ಬಳಿದ ಒಂದೆರಡು ವರ್ಷಗಳಲ್ಲಿಯೇ ಗುಳ್ಳೆಯೆದ್ದು ಉದುರುವ ಎಷ್ಟೋ ದುರಸ್ತಿಗಳ ಮೂಲವು ಈ ಮಬ್ಬಿನಲ್ಲಿಯೇ ಅಡಗಿರುತ್ತದೆ.

ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವುದನ್ನು ಕನ್ನಡಿಗರು ಕಿಲುಬು ಎನ್ನುತ್ತಾರೆ. ಕಬ್ಬಿಣಕ್ಕೆ ಹಿಡಿಯುವುದನ್ನು ತುಕ್ಕು ಎನ್ನುತ್ತಾರೆ. ಈ ಭೇದವು ಕೇವಲ ಮಾತಿನದಲ್ಲ. ತಾಮ್ರದ ಮೇಲೆ ಕಾಲಕ್ರಮದಲ್ಲಿ ಕಟ್ಟುವ ಪದರವು ಬಹುಮಟ್ಟಿಗೆ ಲೋಹಕ್ಕೆ ಅಂಟಿಕೊಂಡು ಒಳಭಾಗವನ್ನು ಕಾಯುತ್ತದೆ. ಕಬ್ಬಿಣ, ಆಮ್ಲಜನಕ ಮತ್ತು ನೀರು ಇವುಗಳ ಸಂಯೋಗದಿಂದ ಹುಟ್ಟುವ ತುಕ್ಕಾದರೋ ಸಡಿಲವಾದುದು, ಸೂಕ್ಷ್ಮರಂಧ್ರಗಳಿಂದ ಕೂಡಿದುದು. ಅದು ತೇವವನ್ನು ಹೀರಿ ಒಳಗಿನ ಲೋಹಕ್ಕೆ ಮುಟ್ಟಿಸುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿ ಮೇಲಣ ಬಣ್ಣವನ್ನು ಎಬ್ಬಿಸುತ್ತದೆ. ಒಣಹವೆಯಲ್ಲಿ ಈ ಕ್ರಿಯೆ ಬಲು ಮಂದ. ಸಾಪೇಕ್ಷ ಆರ್ದ್ರತೆಯು ಸುಮಾರು ಶೇಕಡಾ 60ನ್ನು ಮೀರಿದಾಗ ಅದು ತೀವ್ರಗೊಳ್ಳುತ್ತದೆ. ಉಪ್ಪು ಸೇರಿದರಂತೂ ಹೇಳತಕ್ಕದ್ದೇ ಇಲ್ಲ. ಬೆವರಿದ ಕೈಯಿಂದ ಮುಟ್ಟಿದ ತಗಡಿನ ಮೇಲೆ ಮರುದಿನ ಐದು ಬೆರಳುಗಳ ಗುರುತೂ ತುಕ್ಕಾಗಿ ಮೂಡುವುದುಂಟು.

ಮಬ್ಬು ತೆಳುವಾಗಿದ್ದರೆ 120ರಿಂದ 180ನೆಯ ನಂಬರಿನ ಉಪ್ಪುಕಾಗದದಿಂದ ಉಜ್ಜಿದರೆ ಸಾಕು. ಬರಿಗಣ್ಣಿಗೆ ಕಪ್ಪು ಚುಕ್ಕಿಗಳು ಕಂಡುಬಂದಲ್ಲಿ ಮಾತ್ರ ಎಚ್ಚರ ಬೇಕು. ಅವು ಕುಳಿಗಳು, ಕಾಗದವು ಅವುಗಳ ಅಂಚನ್ನು ಸವರಿ ಹೋಗುತ್ತದೆಯೇ ಹೊರತು ತಳವನ್ನು ಮುಟ್ಟುವುದಿಲ್ಲ. ಚುಕ್ಕಿ ಮಾಯವಾಗುವವರೆಗೆ ಗ್ರೈಂಡರ್ ಹಿಡಿಯುವ ಆತುರ ಸರ್ವಥಾ ಸಲ್ಲದು. ತಗಡಿನ ದಪ್ಪವೇ ಒಂದು ಮಿಲಿಮೀಟರಿನ ಆಸುಪಾಸಿನದು. ಯಂತ್ರದ ಕಾವಿಗೆ ಅದು ಸೊಟ್ಟಗಾಗುತ್ತದೆ, ಸವೆದ ಲೋಹ ಮರಳಿ ಬಾರದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ 3ನೆಯ ಶ್ರೇಣಿಯನ್ನು ಆಧರಿಸಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಮೂಲ ತಗಡನ್ನು ಉಳಿಸಿಕೊಳ್ಳುವುದು ಈಗ ಇನ್ನಷ್ಟು ಅಗತ್ಯವಾಗಿದೆ.

ಕುಳಿಗಳಿಗೆ ತಕ್ಕುದು ಫಾಸ್ಫಾರಿಕ್ ಆಮ್ಲ. ಅದು ತುಕ್ಕನ್ನು ಕರಗಿಸಿ, ಉಳಿದುದನ್ನು ಬೂದುಬಣ್ಣದ ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಟ್ಯಾನಿನ್ ಸೇರಿದ ದ್ರಾವಣಗಳೂ ಬಳಕೆಯಲ್ಲಿವೆ; ಅವು ತುಕ್ಕನ್ನು ನೀಲಿಗಪ್ಪಾಗಿಸುತ್ತವೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದ ಹಿರಿಯರಿಗೆ ಈ ಕಪ್ಪು ಹೊಸದೇನೂ ಅಲ್ಲ. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಅಗ್ಗವೆಂದು ಬಳಸುವುದು ಮಾತ್ರ ಕೂಡದು. ಅದು ತುಕ್ಕನ್ನು ಕ್ಷಣದಲ್ಲಿ ತೆಗೆಯುತ್ತದೆ, ನಿಜ; ಆದರೆ ಕುಳಿಯಲ್ಲಿ ಉಳಿದ ಕ್ಲೋರೈಡು ಬಣ್ಣದಡಿಯಲ್ಲಿಯೇ ಹೊಸ ತುಕ್ಕಿಗೆ ನಾಂದಿ ಹಾಡುತ್ತದೆ. ಯಾವ ಆಮ್ಲವನ್ನು ಬಳಸುವಾಗಲೂ ಕೈಗವಸು, ಕನ್ನಡಕ ಅವಶ್ಯ. ಹಳೆಯ ಬಣ್ಣದಲ್ಲಿ ಸೀಸವೂ ಹಳೆಯ ಪ್ರೈಮರಿನಲ್ಲಿ ವಿಷಕಾರಿ ಕ್ರೋಮೇಟೂ ಇರುವ ಸಂಭವವಿರುವುದರಿಂದ, ಧೂಳು ತಡೆಯುವ ಮುಖವಾಡವಿಲ್ಲದೆ ಒಣಗಿದ ಬಣ್ಣವನ್ನು ಉಜ್ಜಬಾರದು.

ಆಮ್ಲದ ಶೇಷವನ್ನು ಡಬ್ಬಿಯ ಮೇಲಣ ಸೂಚನೆಯಂತೆ ತೊಳೆದು, ಕೂಡಲೇ ಬಿಸಿಗಾಳಿಯಿಂದ ಒಣಗಿಸಿ, ಜಿಡ್ಡು ತೆಗೆಯುವ ದ್ರಾವಕದಿಂದ ಒರೆಸತಕ್ಕದ್ದು. ಅಂದೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಇಡೀ ಕಾರನ್ನು ಒಮ್ಮೆಲೇ ಬೆತ್ತಲಾಗಿಸಿ ತಿಂಗಳುಗಟ್ಟಲೆ ನಿಲ್ಲಿಸುವುದಕ್ಕಿಂತ, ಒಂದು ದಿನದಲ್ಲಿ ಮುಗಿಯುವಷ್ಟು ಭಾಗವನ್ನೇ ಕೆರೆಯುವುದು ವಿವೇಕ. ಪುಟ್ಟಿಯು ನೀರು ಹೀರುವ ವಸ್ತು. ಅದನ್ನು ಬರಿಯ ತಗಡಿನ ಮೇಲೆ ಹಚ್ಚುವವರಿದ್ದಾರೆ. ತೇವದ ನಾಡಿನಲ್ಲಿ ಎಪಾಕ್ಸಿಯ ಮೇಲೆ ಹಚ್ಚುವುದೇ ಲೇಸು. ಸಾಮಾನ್ಯ ರೆಡ್ ಆಕ್ಸೈಡ್ ಪ್ರೈಮರನ್ನು ಒಂದೇ ಸಲ ಬಳಿದು ಕಾರನ್ನು ಅಂಗಳದಲ್ಲಿ ಮಳೆಗೆ ನಿಲ್ಲಿಸಿದರೆ ತೇವವು ಅದನ್ನೂ ದಾಟುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ತುಕ್ಕು ಒಳಗಿನಿಂದ ಬರಬಹುದು. ಬಾಗಿಲಿನ ಗಾಜಿನ ಅಂಚಿನಲ್ಲಿ ಇಳಿದ ಮಳೆನೀರು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳನ್ನು ಇಟ್ಟಿರುತ್ತಾರೆ. ಬಣ್ಣ ಮತ್ತು ಪುಟ್ಟಿ ಅವುಗಳನ್ನು ಮುಚ್ಚಿಬಿಡದಂತೆ, ಕೆಲಸ ಮುಗಿದೊಡನೆ ತಂತಿಯೊಂದನ್ನು ಹಾಯಿಸಿ ಪ್ರತಿಯೊಂದನ್ನೂ ಬಿಡಿಸಿ ನೋಡಬೇಕು.